ಹಿಮನದಿಯ ಅಂಚಿನ ಲೆಕ್ಕ

ಮಂಜುಗಡ್ಡೆಯ ನದಿ ತಾನು ನುಂಗಿದುದನ್ನು ಎಂದು ಹಿಂದಿರುಗಿಸುತ್ತದೆ? ಅದರ ಮೂತಿಯ ಆಕಾರ ನಮಗೆ ಏನನ್ನು ತಿಳಿಸುತ್ತದೆ?

೧೮೨೦ನೆಯ ಇಸವಿಯ ಆಗಸ್ಟ್ ತಿಂಗಳು. ಆಲ್ಪ್ಸ್ ಪರ್ವತಗಳಲ್ಲಿ ಎಲ್ಲಕ್ಕಿಂತ ಎತ್ತರವಾದ ಮಾಂಟ್ ಬ್ಲಾಂಕ್ ಶಿಖರವನ್ನು ಏರಲೆಂದು ಡಾಕ್ಟರ್ ಹ್ಯಾಮೆಲ್ ಎಂಬ ವಿಜ್ಞಾನಿ ಚಿಕ್ಕದೊಂದು ತಂಡ ಕಟ್ಟಿಕೊಂಡು ಹೊರಟರು. ದಾರಿ ತೋರಿಸಲು ಶಾಮೊನಿ ಊರಿನ ನುರಿತ ಮಾರ್ಗದರ್ಶಿಗಳು ಜೊತೆಗಿದ್ದರು. ಹೊಸ ಹಿಮ ದಪ್ಪವಾಗಿ ಬಿದ್ದಿತ್ತು. ಶಿಖರವು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದಾಗ ಅವರ ಕಾಲ ಕೆಳಗಿನ ಹಿಮವೇ ಕುಸಿದು ಜಾರತೊಡಗಿತು. ಉಳಿದವರು ಹೇಗೋ ಎದ್ದು ನಿಂತರು. ಮೂವರು ಮಾರ್ಗದರ್ಶಿಗಳು ಮಾತ್ರ ಹಿಮನದಿಯ ಆಳವಾದ ಬಿರುಕೊಂದರಲ್ಲಿ ಬಿದ್ದು, ಅವರ ಮೇಲೆ ಹಿಮ ಮುಚ್ಚಿಕೊಂಡಿತು. ಹುಡುಕಿದ್ದೆಲ್ಲ ವ್ಯರ್ಥವಾಯಿತು.

ಶಾಮೊನಿಯ ಜನರು ಅವರನ್ನು ನೆನೆದು ಅತ್ತರು, ಕಾಲಕ್ರಮದಲ್ಲಿ ಮರೆತರು. ಆದರೆ ಸ್ಕಾಟ್ಲೆಂಡಿನ ಪ್ರಾಧ್ಯಾಪಕರೊಬ್ಬರು ಮರೆಯಲಿಲ್ಲ. ಜೇಮ್ಸ್ ಫೋರ್ಬ್ಸ್ ಎಂಬ ಆ ವಿದ್ವಾಂಸರು ಹಿಮನದಿಗಳ ವೇಗವನ್ನು ಅಳೆದು ನೋಡಿದವರು. ಅಪಘಾತವಾದ ಸುಮಾರು ನಲವತ್ತು ವರ್ಷಗಳಿಗೆ ಆ ಮೂವರ ಅವಶೇಷಗಳು ಕೆಳಗೆ ಬಾಸ್ಸೊಂ ಹಿಮನದಿಯ ಅಂಚಿನಲ್ಲಿ ಹೊರಬರಬೇಕೆಂದು ಅವರು ಲೆಕ್ಕ ಹಾಕಿ ಹೇಳಿದರು. ಕೇಳಿದವರಿಗೆ ಅದು ಜ್ಯೋತಿಷ್ಯದಂತೆ ತೋರಿದ್ದರೆ ಆಶ್ಚರ್ಯವಿಲ್ಲ.

೧೮೬೧ರ ಆಗಸ್ಟಿನಲ್ಲಿ ಆ ಹಿಮನದಿಯ ಕೆಳತುದಿಯಲ್ಲಿ ಮಂಜುಗಡ್ಡೆ ಕರಗಿದ ಕಡೆ ಮೂಳೆಗಳೂ ಬಟ್ಟೆಯ ಚೂರುಗಳೂ ಒಂದು ಹ್ಯಾಟೂ ಒಂದು ಕಂದೀಲೂ ಕಾಣಿಸಿಕೊಂಡವು. ೧೮೨೦ರಲ್ಲಿ ಬದುಕಿ ಉಳಿದಿದ್ದ ಮಾರ್ಗದರ್ಶಿಯೊಬ್ಬನು ಈಗ ಮುದುಕನಾಗಿದ್ದನು. ಅವನನ್ನು ಕರೆತಂದು ತೋರಿಸಿದಾಗ ಅವನು ತನ್ನ ಗೆಳೆಯರ ಗುರುತು ಹಿಡಿದನು. ಅವನಿಗೆ ವಯಸ್ಸಾಗಿತ್ತು, ಗೆಳೆಯರು ಮಾತ್ರ ಯೌವನದಲ್ಲಿಯೇ ಉಳಿದಿದ್ದರು. ನಲವತ್ತೊಂದು ವರ್ಷಗಳು ಕಳೆದಿದ್ದವು. ಫೋರ್ಬ್ಸರ ಲೆಕ್ಕ ತಪ್ಪಿರಲಿಲ್ಲ.

ಹರಿಯುವ ಗಡ್ಡೆ

ಪರ್ವತದ ಮೇಲ್ಭಾಗದಲ್ಲಿ ಬಿದ್ದ ಹಿಮವು ಬೇಸಗೆಯಲ್ಲಿಯೂ ಪೂರ್ತಿ ಕರಗದೆ ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಕೂಡಿಕೊಳ್ಳುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಪದರಗಳು ಅದುಮಿ ಗಟ್ಟಿ ಮಂಜುಗಡ್ಡೆಯಾಗುತ್ತವೆ. ಆ ಗಡ್ಡೆ ಕಣಿವೆಯ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಕೆಳಕ್ಕೆ ಸರಿಯುತ್ತದೆ. ಇದೇ ಹಿಮನದಿ. ಬೆಚ್ಚನೆಯ ಪ್ರದೇಶಕ್ಕೆ ಇಳಿದಂತೆ ಅದು ಕರಗುತ್ತಾ ಹೋಗಿ ಒಂದೆಡೆ ಮುಗಿಯುತ್ತದೆ. ಆ ಕೊನೆಯ ಅಂಚನ್ನು ಹಿಮನದಿಯ ಮೂತಿ ಎನ್ನುತ್ತಾರೆ.

ಗಡ್ಡೆ ಚಲಿಸುತ್ತದೆ ಎಂಬುದಕ್ಕೆ ಸಾಕ್ಷಿ ನುಡಿದದ್ದು ಒಂದು ಗುಡಿಸಲು. ೧೮೨೭ರಲ್ಲಿ ಹ್ಯೂಗಿ ಎಂಬ ಸ್ವಿಸ್ ವಿದ್ವಾಂಸರು ಉಂಟರ್‌ಆರ್ ಹಿಮನದಿಯ ಮೇಲೆ ಅದನ್ನು ಕಟ್ಟಿಸಿದ್ದರು. ಹತ್ತು ಹನ್ನೆರಡು ವರ್ಷಗಳ ಮೇಲೆ ಲೂಯಿ ಅಗಾಸಿ ಅಲ್ಲಿಗೆ ಹೋದಾಗ ಗುಡಿಸಲು ಕಟ್ಟಿದ ಜಾಗದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಕೆಳಗೆ ಇಳಿದಿತ್ತು. ಅಗಾಸಿಯವರು ಹಿಮನದಿಯ ಅಡ್ಡಗಲಕ್ಕೆ ನೇರವಾದ ಸಾಲಿನಲ್ಲಿ ಗೂಟಗಳನ್ನು ನೆಡಿಸಿದರು. ಮರುವರ್ಷ ನೋಡಿದರೆ ಆ ಸಾಲು ಬಿಲ್ಲಿನಂತೆ ಬಾಗಿತ್ತು. ನಡುವಿನ ಗೂಟಗಳು ಮುಂದೆ ಹೋಗಿದ್ದವು, ದಡದವು ಹಿಂದುಳಿದಿದ್ದವು. ಅದೇ ಕಾಲದಲ್ಲಿ, ೧೮೪೨ರ ಬೇಸಗೆಯಲ್ಲಿ, ಫೋರ್ಬ್ಸರು ಮೆರ್ ದ ಗ್ಲಾಸ್ ಹಿಮನದಿಯ ಚಲನೆಯನ್ನು ಥಿಯೊಡೊಲೈಟಿನಿಂದ ಅಳೆದರು. ಅದು ಹಗಲೂ ಇರುಳೂ ನಿಲ್ಲದೆ ಚಲಿಸುತ್ತಿತ್ತು; ಅಲ್ಲಿಯೂ ದಡಕ್ಕಿಂತ ನಡುವೆ ವೇಗ ಹೆಚ್ಚು. ನೀರಿನ ಹೊಳೆಯ ಗುಣವೂ ಇದೇ ಅಲ್ಲವೆ?

ಆದರೆ ಒಂದು ಸಂಶಯ ಉಳಿಯಿತು. ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ. ಒಡೆಯುವ ವಸ್ತು ಹರಿಯುವುದೆಂತು? ಅದು ಜೇನಿನಂತೆ ಮಂದವಾದ ದ್ರವವೆಂದು ಫೋರ್ಬ್ಸರ ವಾದ. ಗಡ್ಡೆ ಒಡೆಯುತ್ತದೆ, ಒಡೆದ ಚೂರುಗಳು ಮತ್ತೆ ಹೆಪ್ಪುಗಟ್ಟಿ ಕೂಡಿಕೊಳ್ಳುತ್ತವೆ ಎಂದು ಜಾನ್ ಟಿಂಡಾಲ್ ಅವರ ಪ್ರತಿವಾದ. ಈ ಇಬ್ಬರು ಪಂಡಿತರ ಜಗಳ ಬಹುಕಾಲ ಕಹಿಯಾಗಿಯೇ ನಡೆಯಿತು. ಅದು ತೀರ್ಮಾನವಾಗಲು ನೂರು ವರ್ಷ ಬೇಕಾಯಿತು.

ಬೆಣ್ಣೆಯ ಗುಣ

ಎರಡನೆಯ ಮಹಾಯುದ್ಧದ ನಂತರ ಕೇಂಬ್ರಿಜ್ಜಿನ ಕೆಲವರು ಈ ಪ್ರಶ್ನೆಯನ್ನು ಹೊಸದಾಗಿ ಕೈಗೆತ್ತಿಕೊಂಡರು. ಅವರಲ್ಲೊಬ್ಬರು ಮ್ಯಾಕ್ಸ್ ಪೆರೂಟ್ಸ್. ರಕ್ತದ ಹಿಮೋಗ್ಲೋಬಿನ್ನಿನ ರಚನೆಯನ್ನು ಕಂಡುಹಿಡಿದು ೧೯೬೨ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರೇ. ಹಿಮನದಿಗಳು ಅವರ ಇನ್ನೊಂದು ವ್ಯಾಸಂಗ. ಅವರೂ ಜೊತೆಗಾರರೂ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಶಿಖರದ ಹತ್ತಿರ ಮಂಜುಗಡ್ಡೆಯಲ್ಲಿ ನೂರು ಮೀಟರಿಗೂ ಮೀರಿದ ಆಳಕ್ಕೆ ಉಕ್ಕಿನ ಕೊಳವೆಯೊಂದನ್ನು ನೆಟ್ಟನೆ ಇಳಿಸಿದರು. ಕೊಳವೆ ಕಾಲಕ್ರಮದಲ್ಲಿ ಬಾಗಿತು. ಅದು ಬಾಗಿದ ರೀತಿಯನ್ನು ಅಳೆದಾಗ ಮೇಲಿನ ಪದರಗಳು ಬೇಗನೆ ಸರಿಯುತ್ತವೆ, ತಳದವು ತಡೆಯುತ್ತವೆ ಎಂಬುದು ಖಚಿತವಾಯಿತು. ತಳದ ಗಡ್ಡೆಯೇ ಹೆಚ್ಚು ವೇಗವಾಗಿ ಓಡುತ್ತದೆಂದು ಅಲ್ಲಿಯವರೆಗೆ ನಂಬಿದ್ದವರೂ ಇದ್ದರು.

ಜಾನ್ ಗ್ಲೆನ್ ಎಂಬ ತರುಣರು ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಮಂಜುಗಡ್ಡೆಯ ತುಂಡುಗಳ ಮೇಲೆ ಭಾರ ಹೇರಿ, ಅವು ಎಷ್ಟು ಬೇಗ ಕುಗ್ಗುತ್ತವೆಂದು ತಾಳ್ಮೆಯಿಂದ ನೋಡುತ್ತಾ ಕುಳಿತರು. ೧೯೫೨ರಲ್ಲೂ ೧೯೫೫ರಲ್ಲೂ ಅವರು ಪ್ರಕಟಿಸಿದ ಫಲಿತಾಂಶದ ಸಾರವಿಷ್ಟು: ಒತ್ತಡ ಎರಡರಷ್ಟಾದರೆ ಗಡ್ಡೆ ಹರಿಯುವ ವೇಗ ಎರಡರಷ್ಟಲ್ಲ, ಸುಮಾರು ಎಂಟರಷ್ಟಾಗುತ್ತದೆ. ಒತ್ತಡ ಮೂರರಷ್ಟಾದರೆ ವೇಗ ಇಪ್ಪತ್ತೇಳರಷ್ಟು.

ಇದರ ಅರ್ಥವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಚಳಿಗಾಲದ ಬೆಣ್ಣೆಯ ಮೇಲೆ ಚಾಕುವನ್ನು ಹಗುರವಾಗಿ ಇಟ್ಟರೆ ಬೆಣ್ಣೆ ಕದಲುವುದಿಲ್ಲ. ಸ್ವಲ್ಪ ಒತ್ತಿದರೂ ಕದಲುವುದಿಲ್ಲ. ಇನ್ನಷ್ಟು ಒತ್ತಿದೊಡನೆ ಸೋತು ದಾರಿ ಬಿಡುತ್ತದೆ. ಮಂಜುಗಡ್ಡೆಯೂ ಹಾಗೆಯೇ. ಒಂದು ಮಿತಿಯವರೆಗೆ ಅದು ಮುದ್ದೆಯಂತೆ ಕೂತಿರುತ್ತದೆ. ಮಿತಿ ಮೀರಿದರೆ ಹಿಟ್ಟಿನಂತೆ ಹರಡುತ್ತದೆ.

ನೈ ಅವರ ಗಣಿತ

ಇದೇ ಗುಣವನ್ನು ಆಧಾರವಾಗಿಟ್ಟುಕೊಂಡು ೧೯೫೧-೫೨ರ ಸುಮಾರಿಗೆ ಜಾನ್ ನೈ ಎಂಬ ಭೌತವಿಜ್ಞಾನಿ ಒಂದು ಲೆಕ್ಕ ಮಾಡಿದರು. ಹಿಮರಾಶಿಯ ಮಗ್ಗುಲು ಯಾವ ಆಕಾರ ತಾಳಬೇಕೆಂಬುದು ಅವರ ಪ್ರಶ್ನೆ.

ತಳದ ನೆಲದ ಒಂದು ಚದರ ಮೀಟರನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದರ ಮೇಲಿನ ಗಡ್ಡೆ ಅದನ್ನು ಮುಂದಕ್ಕೆ ಎಳೆಯುತ್ತಿದೆ. ಆ ಎಳೆತವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಗಡ್ಡೆಯ ದಪ್ಪ ಮತ್ತು ಅದರ ಮೇಲ್ಮೈಯ ಇಳಿಜಾರು. ಜಾರುಬಂಡೆಯ ಮೇಲೆ ಕುಳಿತ ಮಗು ದಪ್ಪಗಿದ್ದಷ್ಟೂ, ಬಂಡೆ ಕಡಿದಾಗಿದ್ದಷ್ಟೂ, ಎಳೆತ ಹೆಚ್ಚು. ಮಂಜುಗಡ್ಡೆ ತಾಳಬಲ್ಲ ಮಿತಿ ಚದರ ಮೀಟರಿಗೆ ಸುಮಾರು ೧೦ ಟನ್ ಭಾರದಷ್ಟು. ಎಳೆತ ಈ ಮಿತಿಯನ್ನು ಮೀರಿದರೆ ಗಡ್ಡೆ ಹರಿದು ತೆಳ್ಳಗಾಗುತ್ತದೆ, ಎಳೆತ ತಗ್ಗುತ್ತದೆ. ಮಿತಿಗಿಂತ ಕಡಿಮೆಯಿದ್ದರೆ ಗಡ್ಡೆ ಹರಿಯದು. ಬಿದ್ದ ಹಿಮ ಅಲ್ಲಿಯೇ ಕೂಡಿ ದಪ್ಪ ಬೆಳೆಯುತ್ತದೆ, ಎಳೆತ ಏರುತ್ತದೆ. ಆದುದರಿಂದ ಎಲ್ಲ ಕಡೆಯೂ ಎಳೆತವು ಆ ಮಿತಿಯ ಆಸುಪಾಸಿನಲ್ಲಿಯೇ ಬಂದು ನಿಲ್ಲಬೇಕು.

ಒಂದು ಘನ ಮೀಟರು ಗಡ್ಡೆಯ ತೂಕ ಸುಮಾರು ೦.೯ ಟನ್. ಹತ್ತನ್ನು ಇದರಿಂದ ಭಾಗಿಸಿದರೆ ಹನ್ನೊಂದು. ಅಂದರೆ, ದಪ್ಪವನ್ನು ಇಳಿಜಾರಿನಿಂದ ಗುಣಿಸಿದರೆ ಎಲ್ಲೆಲ್ಲಿಯೂ ಸುಮಾರು ೧೧ ಮೀಟರು ಬರಬೇಕು. ಗಡ್ಡೆ ೧೧೦ ಮೀಟರು ದಪ್ಪವಿರುವಲ್ಲಿ ಇಳಿಜಾರು ಹತ್ತಕ್ಕೆ ಒಂದು. ೧,೧೦೦ ಮೀಟರು ದಪ್ಪವಿರುವಲ್ಲಿ ನೂರಕ್ಕೆ ಒಂದು.

ಈ ಒಂದೇ ನಿಯಮದಿಂದ ಇಡೀ ಆಕಾರ ಹುಟ್ಟುತ್ತದೆ. ನೆಲ ಸಮತಟ್ಟಾಗಿದೆಯೆಂದು ಭಾವಿಸಿ. ಅಂಚಿನಿಂದ ಒಳಕ್ಕೆ ಎಷ್ಟು ಮೀಟರು ದೂರವೋ ಅದನ್ನು ೨೨ರಿಂದ ಗುಣಿಸಿ ವರ್ಗಮೂಲ ತೆಗೆದರೆ ಅಲ್ಲಿಯ ದಪ್ಪ ಸಿಕ್ಕುತ್ತದೆ. ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಗೇ ಕೊಡಬಹುದು. ಅಂಚಿನಿಂದ ೧ ಕಿಲೋಮೀಟರು ಒಳಗೆ ದಪ್ಪ ಸುಮಾರು ೧೫೦ ಮೀಟರು. ೧೦ ಕಿಲೋಮೀಟರು ಒಳಗೆ ೪೭೦. ೧೦೦ ಕಿಲೋಮೀಟರು ಒಳಗೆ ೧,೪೮೦ ಮೀಟರು. ಕಣದಲ್ಲಿ ಸುರಿದ ಬತ್ತದ ರಾಶಿ ಬುಡದಿಂದ ತುದಿಯವರೆಗೆ ಒಂದೇ ಇಳಿಜಾರಾಗಿರುತ್ತದೆ. ಹಿಮರಾಶಿ ಹಾಗಲ್ಲ; ಅಂಚಿನಲ್ಲಿ ಕಡಿದು, ನಡುವೆ ಬಹುಮಟ್ಟಿಗೆ ಚಪ್ಪಟೆ. ಇಡ್ಲಿಯ ಮಗ್ಗುಲನ್ನು ನೆನೆದರೆ ಸಾಕು. ಗಣಿತಜ್ಞರು ಈ ವಕ್ರರೇಖೆಯನ್ನು ಪರವಲಯ ಎನ್ನುತ್ತಾರೆ.

ಕಾಗದದ ಮೇಲಿನ ಈ ಲೆಕ್ಕಕ್ಕೆ ನಿಜವಾದ ಹಿಮ ತಲೆಬಾಗುತ್ತದೆಯೆ? ಗ್ರೀನ್‌ಲೆಂಡಿನ ಮಹಾಹಿಮರಾಶಿಯ ಶಿಖರಭಾಗವು ಅಂಚಿನಿಂದ ಸುಮಾರು ೪೦೦ ಕಿಲೋಮೀಟರು ಒಳಗಿದೆ. ನಿಯಮದ ಪ್ರಕಾರ ಅಲ್ಲಿ ದಪ್ಪ ೩,೦೦೦ ಮೀಟರಿಗೆ ಸಮೀಪವಿರಬೇಕು. ಆ ಭಾಗದಲ್ಲಿ ಯೂರೋಪಿನವರು ೧೯೯೨ರಲ್ಲಿ ಬೈರಿಗೆಯಿಂದ ತಳ ಮುಟ್ಟಿದಾಗ ಆಳ ೩,೦೨೯ ಮೀಟರು. ಹತ್ತಿರದಲ್ಲಿಯೇ ಅಮೆರಿಕದವರು ೧೯೯೩ರಲ್ಲಿ ಮುಟ್ಟಿದ ಆಳ ೩,೦೫೩ ಮೀಟರು. ಇಷ್ಟು ಸರಳವಾದ ಸೂತ್ರ ಇಷ್ಟು ಹತ್ತಿರ ಬರುವುದು ಸೋಜಿಗವಲ್ಲವೆ!

ಕರಗಿ ಮಾಯವಾದ ಹಿಮಯುಗದ ಗಡ್ಡೆಗಳಿಗೂ ಇದೇ ಅಳತೆಗೋಲು. ಅವುಗಳ ಅಂಚು ಎಲ್ಲಿತ್ತೆಂಬುದನ್ನು ಅವು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳು ತೋರಿಸುತ್ತವೆ. ಅಂಚು ತಿಳಿದರೆ ನಡುವಿನ ದಪ್ಪವನ್ನು ಊಹಿಸಬಹುದು. ಯಾರೂ ಅಳೆಯದೆ ಹೋದ ಗಡ್ಡೆಯನ್ನು ಕಾಗದದ ಮೇಲೆ ಮತ್ತೆ ನಿಲ್ಲಿಸಬಹುದು.

ಸೂತ್ರಕ್ಕೂ ಒಂದು ಎಲ್ಲೆಯಿದೆ. ತೀರ ಅಂಚಿನಲ್ಲಿ ದಪ್ಪ ಸೊನ್ನೆಯಾಗುವುದರಿಂದ ಇಳಿಜಾರು ನೆಟ್ಟನೆಯ ಗೋಡೆಯಾಗಬೇಕೆಂದು ಅದು ಹೇಳುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ ಅದನ್ನು ನಂಬುವಂತಿಲ್ಲ. ಇಂದು ಗಣಕಯಂತ್ರಗಳು ಹಿಮನದಿಯನ್ನು ಸಾವಿರಾರು ಚೌಕಗಳಾಗಿ ವಿಂಗಡಿಸಿ, ಗ್ಲೆನ್ ಅವರ ನಿಯಮದಂತೆ ಒಂದೊಂದರ ಚಲನೆಯನ್ನೂ ಲೆಕ್ಕ ಹಾಕುತ್ತವೆ. ಅವುಗಳಿಗೂ ಅಂಚೇ ಕಷ್ಟದ ಜಾಗ. ಬೋಗುಣಿಯಲ್ಲಿರುವ ಹಾಲಿನ ಅಂಚು ಎಲ್ಲಿದೆಯೆಂದು ಬೋಗುಣಿಯೇ ಹೇಳುತ್ತದೆ. ನೆಲದ ಮೇಲೆ ಚೆಲ್ಲಿದ ಹಾಲಿಗೆ ಅಂಥ ಅಂಚನ್ನು ಯಾರೂ ಕೊಟ್ಟಿಲ್ಲ. ಅದು ಎಲ್ಲಿ ನಿಲ್ಲುತ್ತದೆಂಬುದೇ ಪ್ರಶ್ನೆ. ಹಿಮನದಿಯೂ ಹಾಗೆ. ಲೆಕ್ಕಕ್ಕೆ ಬೇಕಾದ ಎಲ್ಲೆಯನ್ನು ಲೆಕ್ಕವೇ ಕಂಡುಕೊಳ್ಳಬೇಕು.

ಮೂತಿ ನುಡಿಯುವ ಮಾತು

ಅಂಚು ಎಂಬುದು ಒಂದು ಜಮಾಖರ್ಚಿನ ಪುಸ್ತಕ. ಮೇಲಿನಿಂದ ಹರಿದು ಬರುವ ಗಡ್ಡೆ ಜಮಾ. ಕರಗಿಹೋಗುವ ಗಡ್ಡೆ ಖರ್ಚು. ಎರಡೂ ಸಮವಾದಲ್ಲಿ ಅಂಚು ನಿಲ್ಲುತ್ತದೆ. ಗಡ್ಡೆ ಒಂದು ದಿನವೂ ನಿಲ್ಲದೆ ಮುಂದಕ್ಕೆ ಹರಿಯುತ್ತಿದ್ದರೂ ಅಂಚು ಮಾತ್ರ ಇದ್ದಲ್ಲಿಯೇ ಇರಬಹುದು, ಹಿಂದಕ್ಕೂ ಸರಿಯಬಹುದು. ಹಿಮನದಿ ಹಿಂದೆ ಸರಿಯಿತೆಂದು ಪತ್ರಿಕೆಗಳಲ್ಲಿ ಓದುವಾಗ ಗಡ್ಡೆಯೇ ಬೆಟ್ಟ ಹತ್ತಿ ಹೋಯಿತೆಂದು ಭಾವಿಸಬಾರದು. ಖರ್ಚು ಜಮಾವನ್ನು ಮೀರಿತೆಂದಷ್ಟೆ ಅದರ ಅರ್ಥ.

ಜಮಾ ಹೆಚ್ಚಾದಾಗ ಮೂತಿ ಉಬ್ಬಿ, ಕಡಿದಾಗಿ, ಮುನ್ನುಗ್ಗುವ ಗೂಳಿಯ ಹಣೆಯಂತಾಗುತ್ತದೆ. ಖರ್ಚು ಹೆಚ್ಚಾದಾಗ ತೆಳ್ಳಗಾಗಿ, ಚಪ್ಪಟೆಯಾಗಿ, ಬೆಣೆಯ ತುದಿಯಂತೆ ಸವೆದು ನೆಲಕ್ಕೆ ಅಂಟುತ್ತದೆ. ಅನುಭವಿಗಳು ದೂರದಿಂದ ನೋಡಿಯೇ ಹಿಮನದಿಯ ಆರೋಗ್ಯವನ್ನು ಹೇಳಬಲ್ಲರು.

ಆದರೆ ಈ ಮಾತು ತಡವಾಗಿ ಬರುವ ಪತ್ರದಂತೆ. ಹವೆ ಇಂದು ಬದಲಾದರೆ ಅಂಚು ಇಂದೇ ಹೊಸ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಎಷ್ಟು ತಡವೆಂಬುದಕ್ಕೆ ೧೯೮೯ರಲ್ಲಿ ಮೂವರು ವಿಜ್ಞಾನಿಗಳು ಸುಲಭವಾದ ಅಂದಾಜೊಂದನ್ನು ಕೊಟ್ಟರು: ಹಿಮನದಿಯ ದಪ್ಪವನ್ನು ಮೂತಿಯಲ್ಲಿ ವರ್ಷಕ್ಕೆ ಕರಗುವ ದಪ್ಪದಿಂದ ಭಾಗಿಸಿರಿ. ೨೦೦ ಮೀಟರು ದಪ್ಪದ ಹಿಮನದಿಯ ಮೂತಿಯಲ್ಲಿ ವರ್ಷಕ್ಕೆ ೫ ಮೀಟರು ಕರಗುತ್ತಿದ್ದರೆ ತಡ ನಲವತ್ತು ವರ್ಷ. ಹವೆ ಇಂದಿನ ಮಟ್ಟದಲ್ಲಿಯೇ ನಿಂತರೂ ಅಂಥ ಹಿಮನದಿ ಹಳೆಯ ಸಾಲವನ್ನು ತೀರಿಸುತ್ತಾ ದಶಕಗಳ ಕಾಲ ಕುಗ್ಗುತ್ತಲೇ ಹೋಗುತ್ತದೆ.

ಮಾಟ್‌ಮಾರ್ಕಿನ ಸಂಜೆ

ಹಿಮನದಿಗಳ ಅಂಚು ಯಾವಾಗಲೂ ನಿಧಾನವಾಗಿಯೇ ಬದಲಾಗುತ್ತದೆಂದು ನೆಚ್ಚಿ ಕೂರುವಂತಿಲ್ಲ. ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಮಾಟ್‌ಮಾರ್ಕಿನಲ್ಲಿ ೧೯೬೫ರಲ್ಲಿ ಅಣೆಕಟ್ಟೊಂದರ ಕೆಲಸ ನಡೆಯುತ್ತಿತ್ತು. ಕೆಲಸಗಾರರ ವಸತಿ, ಊಟದ ಮನೆ, ಕಾರ್ಯಾಗಾರಗಳನ್ನು ಅಲ್ಲಾಲಿನ್ ಹಿಮನದಿಯ ಮೂತಿಯ ಕೆಳಗೆ ಕಟ್ಟಿದ್ದರು. ಆಗಸ್ಟ್ ೩೦ರ ಸಂಜೆ ಆ ಮೂತಿ ಮುರಿದು ಕೆಳಕ್ಕೆ ಬಿತ್ತು. ಇಪ್ಪತ್ತು ಲಕ್ಷ ಘನ ಮೀಟರಿನಷ್ಟು ಗಡ್ಡೆಯೂ ಕಲ್ಲೂ ಕೆಲವೇ ಕ್ಷಣಗಳಲ್ಲಿ ಎಲ್ಲವನ್ನೂ ಹೂತುಬಿಟ್ಟಿತು. ಸತ್ತವರು ೮೮ ಮಂದಿ. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ಹೊಟ್ಟೆಯ ಪಾಡಿಗೆ ಇಟಲಿಯಿಂದ ಬಂದವರು. ಮುಂದೆ ಮೊಕದ್ದಮೆ ನಡೆಯಿತು. ಇಂಥದೊಂದು ದುರಂತವನ್ನು ಮುಂಗಾಣಲು ಸಾಧ್ಯವಿರಲಿಲ್ಲವೆಂದು ೧೯೭೨ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು.

ಮುಂಗಾಣಲು ಸಾಧ್ಯವಿಲ್ಲವೆ? ವಿಜ್ಞಾನಿಗಳು ಆ ಮಾತನ್ನು ಕೊನೆಯ ಮಾತೆಂದು ಒಪ್ಪಲಿಲ್ಲ. ಅದೇ ಪ್ರಾಂತದ ರಾಂಡಾ ಹಳ್ಳಿಯ ಮೇಲೆ ವೈಸ್‌ಹಾರ್ನ್ ಶಿಖರದಲ್ಲಿ ತೂಗುವ ಗಡ್ಡೆಯೊಂದಿತ್ತು. ಅದು ಸರಿಯುವ ವೇಗವನ್ನು ಅವರು ಅಳೆಯುತ್ತಾ ಹೋದರು. ವೇಗವು ಏರುತ್ತಿತ್ತು, ಏರುವ ಕ್ರಮಕ್ಕೂ ಒಂದು ನಿಯಮವಿತ್ತು. ಆ ವಕ್ರರೇಖೆಯನ್ನು ಮುಂದಕ್ಕೆ ಎಳೆದರೆ ಒಂದು ದಿನ ವೇಗ ಮಿತಿಯಿಲ್ಲದಷ್ಟಾಗಬೇಕು. ಗಡ್ಡೆ ಮುರಿಯುವ ದಿನದ ಸೂಚನೆ ಅದೇ. ೧೯೭೩ರಲ್ಲಿ ಆ ಗಡ್ಡೆ ಮುರಿದುಬಿತ್ತು. ಅದರ ಅಳತೆಗಳಿಂದಲೇ ಇಂಥ ಮುನ್ಸೂಚನೆಯ ವಿಧಾನ ಬೆಳೆಯಿತು.

ಆ ಅಳತೆಯ ಅಭ್ಯಾಸ ಎಷ್ಟು ಜೀವಗಳನ್ನು ಉಳಿಸಬಲ್ಲುದೆಂಬುದು ೨೦೨೫ರಲ್ಲಿ ತಿಳಿಯಿತು. ವಾಲೆ ಪ್ರಾಂತದ ಬ್ಲಾಟೆನ್ ಹಳ್ಳಿಯ ಮೇಲೆ ಬೆಟ್ಟದ ಬಂಡೆಗಳು ಕಳಚಿ ಬಿರ್ಚ್ ಹಿಮನದಿಯ ಬೆನ್ನೇರಿದವು. ಹಿಮನದಿ ಆ ಭಾರಕ್ಕೆ ವೇಗವಾಗಿ ಮುಂದೊತ್ತತೊಡಗಿತು. ಕಾವಲಿದ್ದವರು ಮೇ ೧೯ರಂದು ಸುಮಾರು ೩೦೦ ನಿವಾಸಿಗಳನ್ನು ತೆರವು ಮಾಡಿಸಿದರು. ಮೇ ೨೮ರಂದು ಹಿಮನದಿಯೂ ಬಂಡೆಗಳೂ ಒಟ್ಟಿಗೆ ಕುಸಿದು ಹಳ್ಳಿಯ ಬಹುಭಾಗವನ್ನು ಹೂತುಹಾಕಿದವು. ಒಬ್ಬರು ಪ್ರಾಣ ಕಳೆದುಕೊಂಡರು. ಮನೆಗಳು ಹೋದವು, ಜನ ಉಳಿದರು. ಮಾಟ್‌ಮಾರ್ಕಿಗೂ ಬ್ಲಾಟೆನ್ನಿಗೂ ನಡುವಣ ಅರವತ್ತು ವರ್ಷಗಳಲ್ಲಿ ಮನುಷ್ಯ ಕಲಿತದ್ದು ಇಷ್ಟು.

ಗೋಮುಖದ ಮುಂದೆ

ಭಾರತೀಯರಿಗೆ ಬಹು ಪರಿಚಿತವಾದ ಹಿಮನದಿಯ ಮೂತಿಯೆಂದರೆ ಗೋಮುಖ. ಸುಮಾರು ೩೦ ಕಿಲೋಮೀಟರು ಉದ್ದದ ಗಂಗೋತ್ರಿ ಹಿಮನದಿ ಅಲ್ಲಿ ಮುಗಿಯುತ್ತದೆ, ಭಾಗೀರಥಿ ಅಲ್ಲಿ ಹುಟ್ಟುತ್ತಾಳೆ. ಭಾರತದ ಭೂವಿಜ್ಞಾನ ಇಲಾಖೆಯ ಆಡೆನ್ ಎಂಬವರು ೧೯೩೫ರಲ್ಲಿ ಆ ಮೂತಿಯ ನಕ್ಷೆ ಬರೆದರು. ಅಂದಿನಿಂದ ಇಂದಿಗೆ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಅಂದು ಯಾತ್ರಿಕರು ಮಂಜುಗಡ್ಡೆ ಕಂಡ ಕಡೆ ಇಂದು ಬರಿಯ ಕಲ್ಲು, ಮರಳು.

ಹಿಂದೆ ಸರಿದದ್ದನ್ನು ಕಣ್ಣಿನಿಂದಲೇ ನೋಡಬಹುದು. ಇನ್ನೆಷ್ಟು ಉಳಿದಿದೆ ಎಂಬುದನ್ನು ನೋಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಪ್ರತೀಕ್ ಗಂತಾಯತ್, ಅನಿಲ್ ಕುಲಕರ್ಣಿ, ಜೆ. ಶ್ರೀನಿವಾಸನ್ ಅವರು ಉಪಗ್ರಹದ ಚಿತ್ರಗಳಿಂದ ಗಂಗೋತ್ರಿಯ ಮೇಲ್ಮೈಯ ವೇಗವನ್ನು ಅಳೆದರು. ವೇಗವೂ ಇಳಿಜಾರೂ ಗೊತ್ತಾದರೆ, ಗ್ಲೆನ್ ಅವರ ನಿಯಮವನ್ನು ಹಿಂದುಮುಂದಾಗಿ ಓದಿ ದಪ್ಪವನ್ನು ಕಂಡುಹಿಡಿಯಬಹುದು. ೨೦೧೪ರಲ್ಲಿ ಪ್ರಕಟವಾದ ಅವರ ಅಂದಾಜಿನಂತೆ ಗಂಗೋತ್ರಿಯ ಗಡ್ಡೆ ಮೇಲ್ಭಾಗದಲ್ಲಿ ಸುಮಾರು ೫೪೦ ಮೀಟರು ದಪ್ಪವಾಗಿದೆ; ಮೂತಿಯ ಬಳಿ ೫೦-೬೦ ಮೀಟರು ಮಾತ್ರ. ಒಟ್ಟು ಗಾತ್ರ ೨೩.೨ ಘನ ಕಿಲೋಮೀಟರು; ಇದರಲ್ಲಿ ೪.೨ರಷ್ಟು ಹೆಚ್ಚುಕಡಿಮೆ ಇರಬಹುದೆಂದು ಅವರೇ ಹೇಳಿದ್ದಾರೆ. ಕರಗಿಸಿ ನೀರು ಮಾಡಿದರೆ ನಮ್ಮ ಕೃಷ್ಣರಾಜಸಾಗರವನ್ನು ಸುಮಾರು ಹದಿನೈದು ಸಲ ತುಂಬಬಹುದು.

ಹದಿನೈದು ಸಲ ಎಂದಾಗ ಮೊದಲು ಬಹಳವೆನಿಸುತ್ತದೆ. ಕೃಷ್ಣರಾಜಸಾಗರವನ್ನು ಮಳೆಗಾಲ ಮತ್ತೆ ಮತ್ತೆ ತುಂಬುತ್ತದೆ. ಗಂಗೋತ್ರಿಯ ಕಣಜ ತುಂಬಿದ್ದು ಅನೇಕ ಶತಮಾನಗಳ ಹಿಮದಿಂದ. ಅಲ್ಲಿ ಈಗ ಖರ್ಚು ಜಮಾಕ್ಕಿಂತ ಮುಂದಿದೆ. ಮೂತಿಯಲ್ಲಿ ಉಳಿದ ಐವತ್ತು ಅರವತ್ತು ಮೀಟರುಗಳು ಎಷ್ಟು ಕಾಲ ಬಾಳುತ್ತವೆಂಬುದು ಕಣಿವೆಯ ಕೆಳಗಿರುವ ಊರುಗಳ ಬೇಸಗೆಯ ನೀರಿನ ಪ್ರಶ್ನೆಯೂ ಹೌದು.

ಶಾಮೊನಿಯ ಮುದುಕ ಮಾರ್ಗದರ್ಶಿಗೆ ಅಂಚು ತನ್ನ ಗೆಳೆಯರನ್ನು ತಂದುಕೊಟ್ಟಿತು. ಅದು ತಂದುಕೊಟ್ಟದ್ದು ನಲವತ್ತೊಂದು ವರ್ಷಗಳ ಹಿಂದಿನ ಒಂದು ದಿನವನ್ನು. ಗೋಮುಖದ ಮುಂದೆ ಇಂದು ನಿಂತವರೂ ಹಾಗೆಯೇ ಹಳೆಯ ದಿನಗಳ ಹವೆಯ ಫಲವನ್ನು ನೋಡುತ್ತಿದ್ದಾರೆ. ಇಂದಿನ ಹವೆಯ ಲೆಕ್ಕವನ್ನು ಅದೇ ಅಂಚಿನಲ್ಲಿ ನಿಂತು ಓದುವವರು ನಮ್ಮ ಮಕ್ಕಳು.